ಕತ್ತು ಚಾಚಿದ ಕ್ಯಾಮೆರಾ

ಮಿಕ್ಸಿ ಕೆಟ್ಟ ದಿನ ಮನೆಯ ಗಂಡಸು ಚಪ್ಪಲಿ ಬಿಚ್ಚುವಂತಿಲ್ಲ. ಕೆಲಸ ಮುಗಿಸಿ ಬಂದವನು ಬಂದ ಕಾಲಲ್ಲೇ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ರಿಪೇರಿಗೆ ಓಡಬೇಕು. ಫ್ಯಾನು ಕೆಟ್ಟರೆ ಒಂದು ರಾತ್ರಿ ಗಡುವು ಸಿಗುತ್ತದೆ, ಅದೂ ಯುಗಾದಿಯ ಒಳಗಾದರೆ. ಟೀವಿ ಕೆಟ್ಟರಂತೂ ವಾರಗಟ್ಟಲೆ ಮುಖ ತಿರುಗಿಸಿಕೊಂಡಿದ್ದ ಅತ್ತೆ-ಸೊಸೆ ಒಂದಾಗಿ ಗಂಡಸಿನ ಕಡೆ ನೋಡುತ್ತಾರೆ. ಅದಕ್ಕಿಂತ ಅಪಾಯದ ಒಗ್ಗಟ್ಟು ಇನ್ನೊಂದಿಲ್ಲ. ಆದರೆ ಕ್ಯಾಮೆರಾ ಕೆಟ್ಟರೆ? ನಿಮ್ಮ ಮನೆಯಲ್ಲೂ ಹೀಗೇ ಇರುತ್ತದೆ, ಮುಚ್ಚಿಡಬೇಡಿ. ‘ಕೆಟ್ಟೈತಾ? ಕೈ ತೊಳ್ಕೊಂಡು ಬರ್ರಿ, ರೊಟ್ಟಿ ಆರಾಕತ್ತಾವು.’ ಅಷ್ಟೇ.

ಆ ಕ್ಯಾಮೆರಾ ನಮ್ಮ ಮನೆಯಲ್ಲಿ ನಾನು ಹೇಳಿದ್ದನ್ನು ಕೇಳುತ್ತಿದ್ದ ಒಂದೇ ಒಂದು ಪ್ರಾಣಿ ಎಂಬುದು ಯಾರ ತಲೆಗೂ ಹೋಗಲಿಲ್ಲ.

ಅದನ್ನು ತಂದವನು ನನ್ನ ಹೆಂಡತಿಯ ತಮ್ಮ. ದುಬೈಯಲ್ಲಿ ವೈರಿಂಗ್ ಕೆಲಸಕ್ಕೆ ಇದ್ದ. 2008ರಲ್ಲಿ ರಜೆಗೆ ಬಂದಾಗ ಅವರವ್ವನಿಗೆ ದಪ್ಪ ಕಂಬಳಿ, ಅಕ್ಕನಿಗೆ ಸೆಂಟು, ಹುಡುಗರಿಗೆ ಚಾಕೊಲೇಟು, ನನಗೆ ಬೆಳ್ಳಿ ಬಣ್ಣದ ಡಿಜಿಟಲ್ ಕ್ಯಾಮೆರಾ. ‘ಬಾವಾ, ಏಳು ಮೆಗಾಪಿಕ್ಸೆಲ್’ ಅಂದ. ನಾಗಲದಿನ್ನೆಯಿಂದ ಆದೋನಿಯ ಹತ್ತಿ ಮಾರುಕಟ್ಟೆಗೆ ದಲಾಲಿ ಅಂಗಡಿಯ ಲೆಕ್ಕ ಬರೆಯಲು ಹೋಗುವವನು ನಾನು. ಪಲ್ಲೆವೆಲುಗು ಬಸ್ಸಿನಲ್ಲಿ ಅಕ್ಕಪಕ್ಕ ಕೂತವರಿಗೆಲ್ಲ ‘ಏಳು ಮೆಗಾಪಿಕ್ಸೆಲ್’ ಅಂತ ಹೇಳಿದೆ. ಹಂಗಂದರೆ ಏನು ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಎಮ್ಮಿಗನೂರಿನಲ್ಲೇ ಇಳಿದುಬಿಡಬೇಕಾಗುತ್ತಿತ್ತು.

ಅದರ ದಾರವನ್ನು ಮಣಿಕಟ್ಟಿಗೆ ಹಾಕಿಕೊಳ್ಳಬೇಕಂತೆ. ನಾನು ಉದ್ದದ ದಾರ ಕಟ್ಟಿಸಿ ಕೊರಳಿಗೆ ಹಾಕಿಕೊಂಡೆ. ಮಾರುಕಟ್ಟೆಯಲ್ಲಿ ಹತ್ತಿ ಅಂಡಿಗೆಗಳ ನಡುವೆ ನಡೆದುಹೋಗುವಾಗ ಯಾರೋ ರೈತರು ‘ಪೇಪರಿನವರೇನ್ರೀ? ರೇಟಿನ ಬಗ್ಗೆ ಸ್ವಲ್ಪ ಬರೀರಿ’ ಅಂದರು. ನಾನು ಗಂಭೀರವಾಗಿ ತಲೆ ಅಲ್ಲಾಡಿಸಿದೆ. ಅದು ಹೌದೂ ಅಲ್ಲ, ಅಲ್ಲವೂ ಅಲ್ಲ.

ಊರಿನಲ್ಲಿ ಮಾತ್ರ ಮರ್ಯಾದೆ ಸಲೀಸಾಗಿ ಸಿಗಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರನ್ನು ನಿಲ್ಲಿಸಿ ಪಟ ತೆಗೆದೆ. ‘ರೀಲು ಎಷ್ಟು ಉಳಿದೈತಿ?’ ಅಂದರು. ‘ಇದಕ್ಕೆ ರೀಲೇ ಇಲ್ಲ ತಾತಾ’ ಅಂದೆ. ಅವರು ಪಂಚೆ ಕೊಡವಿ ಮತ್ತೆ ಕೂತರು. ‘ರೀಲಿಲ್ಲದ ಕ್ಯಾಮೆರಾ ಹಿಡ್ಕೊಂಡು ಸುಮ್ನ ಟಿಕ್ ಅನಿಸಾಕತ್ತಾನ’ ಎಂಬ ಸುದ್ದಿ ನಾನು ಮನೆ ಮುಟ್ಟುವುದರೊಳಗೆ ನಮ್ಮವ್ವನನ್ನು ಮುಟ್ಟಿತ್ತು.

ಇನ್ನು ಸೆಲ್ಲಿನ ಕಥೆ. ಅದಕ್ಕೆ ಎರಡು ಪೆನ್ಸಿಲ್ ಸೆಲ್ ಬೇಕು. ರಿಮೋಟಿಗೆ ಹಾಕಿದರೆ ವರ್ಷ ಬರುವ ಸೆಲ್ಲು ಇದಕ್ಕೆ ಹಾಕಿದರೆ ಒಂದು ನಾಮಕರಣಕ್ಕೂ ಬರುವುದಿಲ್ಲ. ಪರದೆ, ಫ್ಲ್ಯಾಷು, ಲೆನ್ಸಿನ ಮೋಟಾರು ಎಲ್ಲ ಸೇರಿ ಒಂದೇ ಗುಟುಕಿಗೆ ಕುಡಿದುಬಿಡುತ್ತವೆ. ತೊಟ್ಟಿಲಿನಲ್ಲಿ ಕೂಸು ನಕ್ಕಾಗ ಕ್ಯಾಮೆರಾ ಸಾಯುತ್ತಿತ್ತು. ಆಗ ನಾನು ಗೋಡೆ ಗಡಿಯಾರದ ಸೆಲ್ಲು ಬಿಚ್ಚಿ ಹಾಕುತ್ತಿದ್ದೆ. ಮಗ ಶಾಲೆಗೆ ತಡ, ಅವ್ವನ ಮಾತ್ರೆಗೆ ತಡ, ಧಾರಾವಾಹಿ ಹಚ್ಚಲು ರಿಮೋಟಿಲ್ಲ. ಹೆಂಡತಿ ಸೆಲ್ಲುಗಳನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಡತೊಡಗಿದಳು. ನಾನು ಅಲ್ಲಿಗೂ ಕೈ ಹಾಕಿದೆ. ಇದರ ನಡುವೆ ಇನ್ನೊಂದು ಉಪದ್ರವ: ಸೆಲ್ಲಿಲ್ಲದೆ ಕೆಲವು ದಿನ ಬಿಟ್ಟರೆ ಕ್ಯಾಮೆರಾ ತಾರೀಖು ಮರೆತು 2004ರ ಜನವರಿ 1ಕ್ಕೆ ಹಿಂದೆ ಹೋಗಿ ಕೂರುತ್ತಿತ್ತು. ಪಟದ ಬಲಮೂಲೆಯಲ್ಲಿ ಕಿತ್ತಳೆ ಬಣ್ಣದಲ್ಲಿ ಅದೇ ಅಚ್ಚಾಗುತ್ತಿತ್ತು. ನಾಮಕರಣದ ಕೂಸು ತನ್ನ ತಂದೆತಾಯಿಯ ಮದುವೆಗಿಂತ ಮೊದಲೇ ತೊಟ್ಟಿಲಿನಲ್ಲಿ ಮಲಗಿದೆ ಎಂದು ನನ್ನ ಪಟ ಸಾಕ್ಷಿ ಹೇಳುತ್ತದೆ. ಆ ಮನೆಯವರು ನನ್ನನ್ನು ಮತ್ತೆ ಕರೆದಿಲ್ಲ.

ಪಟದ ಎಡಮೂಲೆಯಲ್ಲಿ ನನ್ನದೇ ಸಹಿ ಇರುತ್ತಿತ್ತು. ಮಸುಕು ಮಸುಕಾಗಿ ಕೆಂಪಗೆ ಒಂದು ಗುಡ್ಡ. ಅದು ನನ್ನ ತೋರುಬೆರಳು. ‘ಬೆರಳು ಅಡ್ಡ ಬಂದೈತಿ’ ಅಂತ ಹೆಂಡತಿ ಪ್ರತಿಸಲ ಹೇಳುತ್ತಿದ್ದಳು. ಬೆಳಕಿನ ಕಿರಣದ ಆಟ ಎಂದು ನಾನು ಪ್ರತಿಸಲ ತಿದ್ದುತ್ತಿದ್ದೆ.

ಆ ಡಿಸೆಂಬರಿನಲ್ಲಿ ತುಂಗಭದ್ರೆಗೆ ಪುಷ್ಕರ ಬಂತು. ಗುರು ಮಕರ ರಾಶಿಗೆ ಕಾಲಿಟ್ಟಾಗ ಹನ್ನೆರಡು ದಿನ; ತಪ್ಪಿದರೆ ಮತ್ತೆ ಹನ್ನೆರಡು ವರ್ಷ. ಮಂತ್ರಾಲಯದಲ್ಲಿ ಕಾಲಿಡಲು ಜಾಗವಿಲ್ಲ ಅಂತ ಬೀಗರೆಲ್ಲ ಅದೇ ಹೊಳೆಯ ದಡದ ನಮ್ಮೂರಿಗೇ ಬಂದಿಳಿದರು. ಹೆಂಡತಿಯ ತವರು ಹೊಳೆಯ ಆಚೆ, ಐಜದ ಕಡೆ. ಆಗಿನ್ನೂ ನಾಗಲದಿನ್ನೆಯ ಸೇತುವೆ ಗಟ್ಟಿಯಾಗಿತ್ತು. ಅತ್ತೆಯವರು ಒಂದು ಟ್ರ್ಯಾಕ್ಟರ್ ತುಂಬ ಜನ ತುಂಬಿಕೊಂಡು ಬಂದರು. ಸ್ನಾನ ಆಯಿತು, ದೀಪ ಬಿಟ್ಟಾಯಿತು. ಎಲ್ಲರೂ ಒದ್ದೆ ಬಟ್ಟೆಯಲ್ಲಿ ಸಾಲಾಗಿ ನಿಂತರು. ನಾನು ಕ್ಯಾಮೆರಾ ಎತ್ತಿದೆ.

ಆಗ ಅತ್ತೆಯವರಿಗೆ ನನ್ನ ಮೇಲೆ ಎಂದೂ ಇಲ್ಲದ ಕನಿಕರ ಹುಟ್ಟಿತು. ‘ಅಳ್ಯಾರ, ಒಂದ್ ಪಟದಾಗೂ ನೀವಿರಂಗಿಲ್ಲ. ಇದರಾಗ ನೀವೂ ಬರ್ರಿ’ ಅಂದರು.

ಇಂಥ ಮಾತಿಗೆ ಅಳಿಯನಾದವನು ಕರಗದೆ ಇರುತ್ತಾನೆಯೇ? ಕ್ಯಾಮೆರಾದಲ್ಲಿ ಟೈಮರ್ ಇದೆ ಅಂತ ಘೋಷಿಸಿದೆ. ಗುಂಡಿ ಒತ್ತಿ ಹತ್ತು ಸೆಕೆಂಡಿನೊಳಗೆ ಓಡಿಹೋಗಿ ನಿಂತರೆ ತಾನೇ ಪಟ ತೆಗೆಯುತ್ತದೆ. ಸ್ಟ್ಯಾಂಡ್ ಇಲ್ಲ, ಮರಳು ಗುಡ್ಡೆ ಮಾಡಿ ಅದರ ಮೇಲೆ ಕೂರಿಸಿದೆ. ಗುಂಡಿ ಒತ್ತಿದೆ. ಕೆಂಪು ದೀಪ ಮಿಟುಕಿತು. ಓಡಿದೆ. ಒದ್ದೆ ಪಂಚೆ ಕಾಲಿಗೆ ಸುತ್ತಿತು. ಬೀಳುವಾಗ ಒದೆದ ಕಾಲು ಮರಳಿನ ಗುಡ್ಡೆಗೆ ತಾಗಿತು. ಕ್ಯಾಮೆರಾ ಲೆನ್ಸು ಹೊರಗೆ ಚಾಚಿಕೊಂಡೇ ಮುಖ ಅಡಿಯಾಗಿ ಮರಳಿಗೆ ಬಿತ್ತು. ಬೀಳುವ ಮೊದಲು ಪ್ರಾಮಾಣಿಕವಾಗಿ ಒಂದು ಪಟ ತೆಗೆದಿತ್ತು: ಆಕಾಶ, ಮತ್ತು ನನ್ನ ಬಲಗಾಲಿನ ಹಿಮ್ಮಡಿ.

ಎತ್ತಿ ಒರೆಸಿ ಆಫ್ ಮಾಡಿದೆ. ಒಳಗೆ ‘ಕರ್‌ರ್’ ಎಂಬ ಸದ್ದು. ಲೆನ್ಸು ಒಳಗೆ ಹೋಗಲೊಲ್ಲದು, ಹೊರಗೆ ಬರಲೊಲ್ಲದು; ದಡಕ್ಕೆ ಬಂದ ಆಮೆಯಂತೆ ಅರ್ಧ ಕತ್ತು ಚಾಚಿ ನನ್ನನ್ನೇ ನೋಡುತ್ತಿತ್ತು. ಪರದೆಯ ಮೇಲೆ ‘ಲೆನ್ಸ್ ಎರರ್, ರೀಸ್ಟಾರ್ಟ್ ಕ್ಯಾಮೆರಾ’ ಎಂದು ಬಂತು. ರೀಸ್ಟಾರ್ಟ್ ಮಾಡಿದೆ. ಮತ್ತೆ ಕರ್‌ರ್. ಮತ್ತೆ ಅದೇ ಸಾಲು.

ಇದರ ಗುಟ್ಟು ನನಗೆ ಆಮೇಲೆ ತಿಳಿಯಿತು. ಈ ಚಿಕ್ಕ ಕ್ಯಾಮೆರಾಗಳ ಲೆನ್ಸು ಒಂದರೊಳಗೊಂದು ಸೇರುವ ಕೊಳವೆಗಳಲ್ಲಿ ಕೂತಿರುತ್ತದೆ. ಕೊಳವೆಗಳ ನಡುವಿನ ಸಂದು ಕೂದಲೆಳೆಯಷ್ಟು. ಅದನ್ನು ತಳ್ಳುವುದು ಒಂದು ಪುಟ್ಟ ಮೋಟಾರು, ಪ್ಲಾಸ್ಟಿಕ್ಕಿನ ಹಲ್ಲುಚಕ್ರಗಳು. ಒಂದೇ ಒಂದು ಮರಳಿನ ಕಾಳು ಸಿಕ್ಕಿದರೂ ಮೋಟಾರು ಕೈಚೆಲ್ಲುತ್ತದೆ; ಲೆನ್ಸು ಹೇಳಿದ ಜಾಗಕ್ಕೆ ಬರಲಿಲ್ಲ ಎಂದು ಗೊತ್ತಾದ ಕೂಡಲೇ ಕ್ಯಾಮೆರಾ ತನ್ನನ್ನು ತಾನೇ ಮುಚ್ಚಿಕೊಳ್ಳುತ್ತದೆ. ತುಂಗಭದ್ರೆಯಲ್ಲಿ ಮರಳಿಗೇನು ಬರ? ಲಾರಿಗಟ್ಟಲೆ ಕದ್ದು ಸಾಗಿಸಿದವರಿಗೆ ಏನೂ ಆಗಲಿಲ್ಲ. ಒಂದು ಕಾಳು ಮನೆಗೆ ತಂದ ನನಗೆ ಇದು.

ಅಂದಿನಿಂದ ಮನೆಗೆ ಬಂದವರೆಲ್ಲ ವೈದ್ಯರಾದರು. ‘ಅಂಗೈಗೆ ಎರಡು ಬಡೀರಿ’ ಅಂದ ಒಬ್ಬ. ಬಡಿದೆ. ‘ಬಾಯಲ್ಲಿ ಊದ್ರಿ’ ಅಂದ ಮತ್ತೊಬ್ಬ. ಎಲೆಅಡಿಕೆ ಹಾಕಿಕೊಂಡಿದ್ದೆನೆಂಬುದು ಊದಿದ ಮೇಲೆ ನೆನಪಾಯಿತು. ಅತ್ತೆಯವರು ಒಣಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿದರು. ಮನೆಯವರೆಲ್ಲ ಕೆಮ್ಮಿದೆವು, ಕ್ಯಾಮೆರಾ ಕೆಮ್ಮಲಿಲ್ಲ. ಎದುರು ಮನೆಯ ಹುಡುಗ ‘ಅಕ್ಕಿ ಡಬ್ಬ್ಯಾಗ ಇಡ್ರಿ’ ಅಂದ. ಅದು ನೀರು ಹೊಕ್ಕರೆ ಮಾಡುವ ಉಪಾಯ, ಮರಳಿಗಲ್ಲ ಎಂದು ಯೋಚಿಸುವ ತಾಳ್ಮೆ ಯಾರಿಗಿತ್ತು? ಹೆಂಡತಿ ಇಲ್ಲದ ಹೊತ್ತು ನೋಡಿ ಕರ್ನೂಲು ಸೋನಾದ ಡಬ್ಬಿಯಲ್ಲಿ ಹೂತಿಟ್ಟೆ. ಮರುದಿನ ಅವಳು ಪಾವು ಹಾಕಿ ಎತ್ತಿದಾಗ ಅಕ್ಕಿಯ ಜೊತೆ ಒಂದು ಕಣ್ಣು ಮೇಲೆದ್ದು ಬಂತು. ಅವಳ ಕೂಗಿಗೆ ಓಣಿಯೇ ಸೇರಿತು. ಲೆನ್ಸಿನ ಸಂದಿನಲ್ಲಿ ಈಗ ಮರಳಿನ ಜೊತೆ ಅಕ್ಕಿಯ ಹಿಟ್ಟೂ ಇತ್ತು.

ಇನ್ನು ನಾನೇ ಬಿಚ್ಚುವುದು ಎಂದು ತೀರ್ಮಾನಿಸಿದೆ. ಧೈರ್ಯಕ್ಕೆ ಆಧಾರವಿತ್ತು. 1975ರಲ್ಲಿ ಅಮೆರಿಕದ ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಎಂಬ ಯುವ ಇಂಜಿನಿಯರು ಮೊದಲ ಡಿಜಿಟಲ್ ಕ್ಯಾಮೆರಾ ಕಟ್ಟಿದ್ದು ಅಲ್ಲಿ ಇಲ್ಲಿ ಬಿದ್ದಿದ್ದ ಸಾಮಾನಿನಿಂದಲೇ. ಲೆನ್ಸು ಮೂವಿ ಕ್ಯಾಮೆರಾದ್ದು, ಪಟ ಹಿಡಿದಿಡಲು ಟೇಪ್ ರೆಕಾರ್ಡರಿನ ಕ್ಯಾಸೆಟ್ಟು. ಮೂರೂವರೆ ಕಿಲೋಗೂ ಮೇಲೆ ತೂಕ. ಒಂದು ಕಪ್ಪುಬಿಳುಪು ಪಟ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು. ಅದಕ್ಕೆ ಹಾಕುತ್ತಿದ್ದದ್ದು ಹದಿನಾರು ಪೆನ್ಸಿಲ್ ಸೆಲ್ಲು! ಅವರ ಮನೆಯ ಗಡಿಯಾರಗಳ ಗತಿ ಏನಾಗಿತ್ತೋ ಎಂದು ನನಗೆ ಇಂದಿಗೂ ಚಿಂತೆ. ಅಂಥವರು ಕಟ್ಟಬಹುದಾದರೆ ನಾನು ಬಿಚ್ಚಬಾರದೇ?

ಗಡಿಯಾರದ ಸ್ಕ್ರೂಡ್ರೈವರ್ ತಂದೆ. ಬಿಳಿ ಪಂಚೆ ಹಾಸಿದೆ. ಮಕ್ಕಳನ್ನು ಸುತ್ತ ಕೂರಿಸಿ ‘ನೋಡ್ರೋ, ಕಲೀರಿ’ ಅಂದೆ. ಸೆಲ್ಲು ತೆಗೆದಿದ್ದೆ, ಆದ್ದರಿಂದ ಕರೆಂಟಿನ ಭಯವಿಲ್ಲ ಎಂಬುದನ್ನೂ ಪಾಠ ಮಾಡಿದೆ. ಕವಚ ಬಿಚ್ಚಿತು. ಒಳಗೆ ಕಪ್ಪಗೆ ದುಂಡಗೆ ಒಂದು ಕೊಳವೆ. ‘ಇದೇನಪ್ಪಾ?’ ಅಂದ ಮಗ. ‘ಇದಾ?’ ಎಂದು ಬೆರಳಿಟ್ಟು ತೋರಿಸಿದೆ.

ಅದು ಫ್ಲ್ಯಾಷಿನ ಕೆಪಾಸಿಟರ್. ಎರಡು ಸೆಲ್ಲಿನ ಮೂರು ವೋಲ್ಟನ್ನು ಏರಿಸಿ ಏರಿಸಿ ಮುನ್ನೂರು ವೋಲ್ಟಿನ ಆಸುಪಾಸು ಅದರಲ್ಲಿ ತುಂಬಿಟ್ಟಿರುತ್ತಾರೆ. ಸೆಲ್ಲು ತೆಗೆದ ಮೇಲೂ ಅದು ಬಹಳ ಹೊತ್ತು ಹಾಗೇ ಕಾದು ಕೂತಿರುತ್ತದೆ, ಯಾರಾದರೂ ಪಾಠ ಮಾಡಲು ಬರಲಿ ಎಂದು. ನನ್ನ ತೋಳು ನನ್ನನ್ನು ಕೇಳದೆ ಹಿಂದಕ್ಕೆ ಹಾರಿತು. ಅದರ ಜೊತೆ ಪಂಚೆಯೂ ಹಾರಿತು, ಪಂಚೆಯ ಮೇಲಿದ್ದ ಸಾಸಿವೆ ಗಾತ್ರದ ಸ್ಕ್ರೂಗಳೂ ಹಾರಿದವು. (ನೀವು ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ. ಎದೆ ಗಟ್ಟಿ ಇಲ್ಲದವರಿಗೆ ಇದು ನಗೆಯ ಮಾತಲ್ಲ.) ಮಕ್ಕಳು ಚಪ್ಪಾಳೆ ತಟ್ಟಿದರು. ಅಡಿಗೆಮನೆಯಿಂದ ಹೆಂಡತಿ ಬಂದು ಗೋಡೆಗೆ ಒರಗಿ ಕೂತಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಜೀವ ಐತಲ್ಲ?’ ಅಂದಳು. ಐತಿ ಅಂದೆ. ‘ಹಂಗಾದ್ರ ಸ್ಕ್ರೂ ಆರಿಸ್ರಿ, ಕೂಸಿನ ಬಾಯಿಗೆ ಹೋದೀತು’ ಅಂದು ಒಳಗೆ ಹೋದಳು. ಸಿಕ್ಕಷ್ಟು ಆರಿಸಿ ಮುಚ್ಚಿದೆ. ಸಿಗದೆ ಹೋದದ್ದರಲ್ಲಿ ಒಂದು ಮುಂದೊಂದು ಬೆಳಿಗ್ಗೆ ಉಗ್ಗಾಣಿಯ ಒಗ್ಗರಣೆಯಲ್ಲಿ ನನ್ನ ಹಲ್ಲಿಗೇ ಸಿಕ್ಕಿತು.

ಎಮ್ಮಿಗನೂರಿನ ಗಡಿಯಾರ ರಿಪೇರಿಯವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿ, ‘ಇದನ್ನ ನನಗಿಂತ ಮುಂಚೆ ಯಾರು ಬಿಚ್ಚಿದ್ರು?’ ಎಂದು ಕೇಳಿದರು. ದುಬೈಯಲ್ಲಿ ಯಾರೋ ಬಿಚ್ಚಿರಬೇಕು ಅಂದೆ. ಆದೋನಿಯ ಸ್ಟುಡಿಯೋದವರು ತೆಲುಗು ಬೆರೆಸಿದ ಕನ್ನಡದಲ್ಲಿ ‘ಸಾರ್, ಲೆನ್ಸ್ ಯೂನಿಟ್ ಮೊತ್ತಂ ಮಾರ್ಚಬೇಕು’ ಎಂದು ಕೈ ತೊಳೆದುಕೊಂಡರು. ಜೊತೆಗೆ ಗಾಯಕ್ಕೆ ಉಪ್ಪನ್ನೂ ಸವರಿದರು: ‘ಈ ರೇಟಿಗೆ ಸ್ವಲ್ಪ ಹಾಕಿದ್ರೆ ಹೊಸದೇ ಬರುತ್ತೆ.’ ಈ ವಾಕ್ಯವನ್ನು ಹೇಳದ ರಿಪೇರಿಯವನು ಭರತಖಂಡದಲ್ಲಿ ಇಲ್ಲ. ಹೊಸದು ಕೊಳ್ಳುವ ದುಡ್ಡಿದ್ದರೆ ನಿಮ್ಮ ಅಂಗಡಿಯ ಮುರುಕು ಸ್ಟೂಲಿನ ಮೇಲೆ ಯಾಕೆ ಕೂತಿರುತ್ತಿದ್ದೆ ಎಂದು ಕೇಳದ ಗಿರಾಕಿಯೂ ಇಲ್ಲ, ಮನಸ್ಸಿನಲ್ಲೇ.

ಕೊನೆಗೆ ಕರ್ನೂಲು. ಅಲ್ಲಿ ಕಂಪನಿಯ ಕ್ಯಾಮೆರಾ ತೆಗೆದುಕೊಂಡು ಹೈದರಾಬಾದಿಗೆ ಕಳಿಸುವ ಒಂದು ಅಂಗಡಿ. ಅದು ರಿಪೇರಿಯ ಜಾಗವಲ್ಲ, ರಿಪೇರಿಗೆ ಕಳಿಸುವ ಜಾಗ. ವಾರಂಟಿ ಕಾರ್ಡನ್ನು ಎದೆಯ ಕಿಸೆಯಿಂದ ತೆಗೆದು ಮೇಜಿನ ಮೇಲಿಟ್ಟೆ, ಇಸ್ಪೀಟಿನಲ್ಲಿ ರಾಜನನ್ನು ಇಳಿಸಿದ ಗತ್ತಿನಲ್ಲಿ. ಹುಡುಗ ಅದನ್ನು ತಿರುಗಿಸಿ, ‘ಇದು ದುಬೈ ವಾರಂಟಿ ಸಾರ್. ದುಬೈಗೆ ಹೋದ್ರೆ ಫ್ರೀ’ ಅಂದ. ನಗಲಿಲ್ಲ, ಅದೇ ನನಗೆ ಹೆಚ್ಚು ನೋವಾಯಿತು. ‘ಮರಳು ಹೋಗಿದ್ರೆ ಇಲ್ಲಿ ಕೊಂಡದ್ದಕ್ಕೂ ವಾರಂಟಿ ಬರಲ್ಲ’ ಅಂತಲೂ ಸೇರಿಸಿದ. ಎಸ್ಟಿಮೇಟು ಮೂರು ಸಾವಿರದ ಮೇಲೆ ಚಿಲ್ಲರೆ. ಮನೆಯಲ್ಲಿ ಎಂಟುನೂರು ಅಂತ ಹೇಳಿದೆ. ‘ಎಂಟುನೂರಕ್ಕ ಮಿಕ್ಸಿಗೆ ಹೊಸಾ ಜಾರು ಬರ್ತಿತ್ತು’ ಅಂದಳು. ನಿಜವಾದ ಮೊತ್ತಕ್ಕೆ ಜಾರಿನ ಜೊತೆ ಮಿಕ್ಸಿಯೇ ಬರುತ್ತಿತ್ತು ಎಂಬುದು ಲೆಕ್ಕ ಬರೆಯುವ ಕಸುಬಿನವನಿಗೆ ಗೊತ್ತಾಗದೆ ಇರಲಿಲ್ಲ. ಅಂಗಡಿಯವರು ಕೊಟ್ಟ ರಶೀದಿಯನ್ನು ಅಂಗಿಯ ಕಿಸೆಯಲ್ಲಿ ಜೋಪಾನವಾಗಿ ಇಟ್ಟೆ. ಆ ಭಾನುವಾರ ಹೆಂಡತಿ ಆ ಅಂಗಿಯನ್ನು ಜೋಪಾನವಾಗಿ ಒಗೆದಳು.

ಅದು 2009ರ ಸೆಪ್ಟೆಂಬರ್. ಅಕ್ಟೋಬರ್ ಮೊದಲ ವಾರ ಏನಾಯಿತೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಹೊಳೆ ಎಂದೂ ಕಾಣದಷ್ಟು ಬಂತು. ಮಂತ್ರಾಲಯ ಮುಳುಗಿತು. ನಮ್ಮ ಸೇತುವೆ ಕೊಚ್ಚಿಹೋಯಿತು. ಅಕ್ಟೋಬರ್ 2ರಂದು ತುಂಗಭದ್ರೆ, ಹಂದ್ರಿ ಎರಡೂ ಕರ್ನೂಲು ಪಟ್ಟಣದೊಳಗೆ ನುಗ್ಗಿದವು. ಜನ ಮಾಳಿಗೆ ಹತ್ತಿ ಜೀವ ಉಳಿಸಿಕೊಂಡರು, ಉಳಿಸಿಕೊಳ್ಳಲಾಗದವರೂ ಇದ್ದರು. ಕೆಳಗೆ ಶ್ರೀಶೈಲಕ್ಕೆ ಬಂದ ನೀರು 25 ಲಕ್ಷ ಕ್ಯೂಸೆಕ್ ದಾಟಿತ್ತು. ಅಂಥ ಹೊತ್ತಿನಲ್ಲಿ ಕ್ಯಾಮೆರಾ ಯಾರಿಗೆ ನೆನಪಾಗುತ್ತದೆ? ನನಗೆ. ಬಾಯಿ ಬಿಟ್ಟು ಹೇಳಲಿಲ್ಲ, ಅಷ್ಟು ಮಾನ ಇತ್ತು. ಆದರೆ ಪುಷ್ಕರದಲ್ಲಿ ಒಂದು ಕಾಳು ಮರಳು ಕಳಿಸಿ ಸಾಲದೆಂದು ಹೊಳೆ ತಾನೇ ಅದನ್ನು ಹುಡುಕಿಕೊಂಡು ಕರ್ನೂಲಿಗೆ ಹೋಯಿತೇ ಎಂದು ರಾತ್ರಿ ಮಗ್ಗುಲು ಬದಲಿಸುತ್ತ ಯೋಚಿಸಿದ್ದುಂಟು.

ಸೇತುವೆ ಹೋದ ಮೇಲೆ ಅತ್ತೆಯವರು ಬರಬೇಕೆಂದರೆ ಊರೂರು ಸುತ್ತಿ ಬರಬೇಕಾಯಿತು. ಇದರಿಂದ ನನಗೆ ಸಂತೋಷವಾಯಿತು ಎಂದು ಹೆಂಡತಿ ಆಗಾಗ ಹೇಳುತ್ತಾಳೆ. ಶುದ್ಧ ಸುಳ್ಳು. ಸುತ್ತಿ ಬಂದ ದಣಿವಿಗೆ ಅವರು ತಿಂಗಳುಗಟ್ಟಲೆ ಉಳಿಯತೊಡಗಿದರು.

ದಾರಿಗಳು ತೆರೆದ ಮೇಲೆ ಹೆಂಡತಿಯೊಂದಿಗೆ ಕರ್ನೂಲಿಗೆ ಹೋದೆ. ಅವಳು ನೆಂಟರ ಯೋಗಕ್ಷೇಮ ನೋಡಲು, ನಾನು ಅವಳ ಜೊತೆಗೆ ಎಂಬ ನೆಪದಲ್ಲಿ. ಅಂಗಡಿಯ ಗೋಡೆಯ ಮೇಲೆ ನೀರು ನಿಂತ ಗೆರೆ ನನ್ನ ತಲೆಗಿಂತ ಮೇಲಿತ್ತು. ರಶೀದಿ ಪುಸ್ತಕಗಳು ಕೆಸರಿನ ಮುದ್ದೆ. ಆದರೆ ಹೊಳೆ ಬಂದ ದಿನ ಹೈದರಾಬಾದಿನಲ್ಲೇ ಇದ್ದ ಕ್ಯಾಮೆರಾಗಳು ಆಮೇಲೆ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಬಂದಿದ್ದವು; ಯಾವುದು ಯಾರದು ಎನ್ನುವುದಕ್ಕೆ ಮಾತ್ರ ದಾಖಲೆಯಿಲ್ಲ. ನನ್ನದನ್ನು ನೋಡಿದ ಕೂಡಲೇ ಗುರುತಿಸಿದೆ. ‘ಅದೇ, ಬೆಳ್ಳಿ ಬಣ್ಣದ್ದು!’ ಪೆಟ್ಟಿಗೆಯಲ್ಲಿದ್ದವು ಎಲ್ಲವೂ ಬೆಳ್ಳಿ ಬಣ್ಣದವೇ.

‘ರಶೀದಿ?’ ಅಂದ ಹುಡುಗ. ಒಗೆದು ಹೋಯಿತು ಅಂದೆ. ಪಾಪ, ಅವನು ಸಜ್ಜನ. ಸೆಲ್ಲು ಹಾಕಿ ಗುಂಡಿ ಒತ್ತಿದ. ಲೆನ್ಸು ಸೊಯ್ಯೆಂದು ಹೊರಗೆ ಬಂತು. ನನ್ನ ಕಣ್ಣು ಒದ್ದೆಯಾಯಿತು. ರಿಪೇರಿಗೆ ಕೊಡುವಾಗ ಮೆಮೊರಿ ಕಾರ್ಡು ತೆಗೆದುಕೊಳ್ಳಬೇಕಿತ್ತು, ಮರೆತಿದ್ದೆ. ಈಗ ಅದೇ ಪುಣ್ಯವೆನಿಸಿತು. ‘ಪಟ ನೋಡ್ರಿ, ಎಲ್ಲ ನಮ್ಮವೇ’ ಅಂದೆ.

ಹುಡುಗ ಒಂದೊಂದೇ ದಾಟಿಸಿದ. ಅತ್ತೆ. ಅವ್ವ. ಟ್ರ್ಯಾಕ್ಟರ್. ಅತ್ತೆ. ಮಕ್ಕಳು. ಹೆಂಡತಿ. ಎಮ್ಮೆ. ಹೆಂಡತಿ. ಅವನು ತಲೆ ಎತ್ತಿ ನನ್ನ ಮುಖ ನೋಡಿದ, ಪರದೆ ನೋಡಿದ. ‘ಇದರಲ್ಲಿ ನೀವು ಎಲ್ಲೂ ಇಲ್ಲವಲ್ಲ ಸಾರ್?’

‘ತೆಗೆದವನು ನಾನಲ್ಲವೇನಪ್ಪಾ!’

‘ಎಲ್ಲರೂ ಹಂಗೇ ಅಂತಾರೆ ಸಾರ್.’

ಕೊನೆಯ ಪಟಕ್ಕೆ ಬಾ ಅಂದೆ. ಆಕಾಶ ಮತ್ತು ಹಿಮ್ಮಡಿ. ‘ಇದು ನನ್ನ ಹಿಮ್ಮಡಿ’ ಅಂದು, ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ನೋಡುತ್ತಿರುವಂತೆ ಚಪ್ಪಲಿ ಬಿಚ್ಚಿ ಬಲಗಾಲು ಎತ್ತಿ ಮೇಜಿನ ಅಂಚಿಗೆ ಇಟ್ಟೆ. ಹುಡುಗ ಎರಡನ್ನೂ ಹೋಲಿಸಿ ನೋಡಿದ. ‘ಬಿರುಕು ಹೊಂದಲ್ಲ ಸಾರ್’ ಅಂದ. ಅದು ಪುಷ್ಕರದ ಹಿಮ್ಮಡಿ, ಹೊಳೆಯಲ್ಲಿ ನೆನೆದಿತ್ತು, ಇದು ಬೇಸಿಗೆ ಕಳೆದ ಹಿಮ್ಮಡಿ ಎಂದೆಲ್ಲ ವಿವರಿಸಿದೆ. ಕೊನೆಯ ಅಸ್ತ್ರವಾಗಿ ಹಿಂದಿನ ಪಟಗಳ ಎಡಮೂಲೆಯ ಕೆಂಪು ಗುಡ್ಡ ತೋರಿಸಿ, ‘ನೋಡು, ಎಲ್ಲಾ ಪಟದಲ್ಲೂ ಇದೆ, ಇದು ನನ್ನ ಬೆರಳು’ ಅಂದೆ.

ಹಿಂದಿನಿಂದ ಹೆಂಡತಿಯ ದನಿ ಬಂತು. ‘ಬೆಳಕಿನ ಕಿರಣದ ಆಟ ಅಂದಿದ್ರಿ?’

ಹುಡುಗ ಅವಳನ್ನು ನೋಡಿದ. ಪರದೆ ನೋಡಿದ. ಮುಖ ಅರಳಿತು. ‘ಅಮ್ಮಾ, ಇದು ನಿಮ್ಮದೇ! ಮೊದಲೇ ಹೇಳಬಾರದಾ?’ ಅಂದು ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಕೊಟ್ಟ. ಬಿಲ್ಲನ್ನು ನನಗೆ ಕೊಟ್ಟ. ಅವಳು ಬಗ್ಗಿ ಬಿಲ್ಲನ್ನೂ ಓದಿದಳು. ಅಲ್ಲಿಂದ ಬಸ್ ಸ್ಟ್ಯಾಂಡಿನವರೆಗೆ ಅವಳು ಒಂದೂ ಮಾತಾಡಲಿಲ್ಲ. ದಾರಿಯಲ್ಲಿ ಮಿಕ್ಸಿ ಅಂಗಡಿ ಸಿಕ್ಕಾಗ ಮಾತ್ರ ಸ್ವಲ್ಪ ಹೊತ್ತು ನಿಂತಳು.

ಮನೆಯ ಛಾಯಾಗ್ರಾಹಕಿ ಈಗ ಅವಳು. ಸೆಲ್ಲು ತರುವ ಇಲಾಖೆ ನನ್ನದು. ಅವಳು ಮೊಟ್ಟಮೊದಲು ತೆಗೆದದ್ದು ನನ್ನ ಪಟವನ್ನೇ: ದೀಪಾವಳಿಗೆ ಹೊಲಿಸಿದ ಗರಿಗರಿ ಹೊಸ ಅಂಗಿ, ಹೊಟ್ಟೆ ಒಳಗೆ, ಗದ್ದ ಮೇಲೆ. ಬೆರಳು ಅಡ್ಡ ಬಂದಿಲ್ಲ, ಕೈ ಅಲುಗಿಲ್ಲ. ಇಷ್ಟು ಚೆನ್ನಾಗಿ ನಾನು ಯಾವತ್ತೂ ಯಾರನ್ನೂ ತೆಗೆದಿರಲಿಲ್ಲ. ಆದೋನಿಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗಿಹಾಕಿದೆ. ಊರು ಸುತ್ತಿ ಬಂದಿಳಿದ ಅತ್ತೆಯವರು ಕನ್ನಡಕ ಹಾಕಿಕೊಂಡು ಹತ್ತಿರ ಹೋಗಿ ಬಹಳ ಹೊತ್ತು ನೋಡಿದರು. ಆಮೇಲೆ ಬಲಮೂಲೆಯ ಕಿತ್ತಳೆ ಬಣ್ಣದ ತಾರೀಖನ್ನು ಬೆರಳಿಟ್ಟು ಓದಿ, ಮಗಳನ್ನು ಒಳಗೆ ಕರೆದು ದನಿ ತಗ್ಗಿಸಿ ಕೇಳಿದರು: ‘ಅಲ್ಲವಾ, ಇದೇ ಅಂಗೀನ 2004ರಿಂದ ಹಾಕ್ಕೊಳ್ಳಾಕತ್ತಾರೇನು ನಿನ್ನ ಗಂಡ?’